ಐಸ್ ಹೌಸಿನ ಐಸು ಎಲ್ಲಿಯದು?

ನೀರಿನ ಮೇಲೆ ನಡೆಯುವುದು ಯೋಗಿಗಳ ಸಿದ್ಧಿಯೆಂದು ಕೇಳಿದ್ದೆನೇ ಹೊರತು, ಎಪ್ಪತ್ತು ದಾಟಿ ಮಂಡಿನೋವು ಹಿಡಿದ ಮೇಲೆ ನನಗೂ ಅದು ಕೈಗೂಡೀತೆಂದು ಎಣಿಸಿರಲಿಲ್ಲ. ಆದರೆ ಕಳೆದ ಜನವರಿಯ ಒಂದು ಮಧ್ಯಾಹ್ನ, ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ, ಕಾಂಕರ್ಡ್ ಎಂಬ ಊರಿನ ಹತ್ತಿರದ ವಾಲ್ಡನ್ ಕೊಳದಲ್ಲಿ, ದಡದಿಂದ ನೂರಾರು ಹೆಜ್ಜೆ ದೂರ ನೀರಿನ ಮೇಲೆ ನಾನು ನಿಂತಿದ್ದೆ. ಕಾಲ ಕೆಳಗೆ ಮುಕ್ಕಾಲಡಿ ದಪ್ಪದ ಮಂಜುಗಡ್ಡೆ. ಅದರ ಕೆಳಗೆ ಕಪ್ಪು ನೀರು. ದುರ್ಯೋಧನ ವೈಶಂಪಾಯನ ಸರೋವರವನ್ನು ಹೊಕ್ಕು ಜಲಸ್ತಂಭ ಮಂತ್ರ ಜಪಿಸಿ ಕುಳಿತನೆಂದು ನಾವೆಲ್ಲ ಓದಿದ್ದೇವೆ. ಇಲ್ಲಿ ಯಾವ ಮಂತ್ರವೂ ಇಲ್ಲದೆ ಇಡೀ ಕೊಳವೇ ಸ್ತಂಭಿಸಿ ಹೋಗಿತ್ತು.

ಮಗಳ ಮನೆ ಬಾಸ್ಟನ್ನಿನ ಹೊರವಲಯದಲ್ಲಿ. ಭಾನುವಾರ ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದು ಅಳಿಯ ಕೇಳಿದಾಗ ನಾನೇ ಈ ಕೊಳದ ಹೆಸರು ಹೇಳಿದೆ. "ಈ ಚಳಿಯಲ್ಲೇ ಮಾವ?" ಎಂದು ಅವನು ಅನುಮಾನಿಸಿದ. ಚಳಿಯಲ್ಲೇ ನೋಡಬೇಕಾಗಿತ್ತು; ಕಾರಣ ಮುಂದೆ ಹೇಳುತ್ತೇನೆ. ನಮ್ಮ ಮನೆಯಾಕೆ ಎರಡು ಸ್ವೆಟರು, ಒಂದು ಕೋಟು, ಮೇಲೊಂದು ಶಾಲು ಹೊದ್ದು ದಡದಲ್ಲೇ ನಿಂತಳು. "ಗಟ್ಟಿ ನೆಲ ಇರುವಾಗ ನೀರಿನ ಮೇಲೆ ಯಾಕೆ ನಡೆಯಬೇಕು?" ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ತರ್ಕಬದ್ಧವಾದ ಉತ್ತರವಿರಲಿಲ್ಲ. ಎಂಟು ವರ್ಷದ ಮೊಮ್ಮಗಳು ಮಾತ್ರ ಕೈ ಹಿಡಿದು, "ತಾತ, ನಾಲ್ಕಂಗುಲ ಗಟ್ಟಿಯಾಗಿದ್ದರೆ ಸಾಕು, ನೀನು ಬೀಳಲ್ಲ" ಎಂದು ಧೈರ್ಯ ತುಂಬಿದಳು. ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರಂತೆ.

ಹತ್ತು ಹೆಜ್ಜೆ ಹೋಗಿದ್ದೆವೋ ಇಲ್ಲವೋ, ಕೊಳದ ಹೊಟ್ಟೆಯೊಳಗಿಂದ ದೂರದ ಗುಡುಗಿನಂತೆ ಒಂದು ಸದ್ದು ಹೊರಟು ಈ ದಡದಿಂದ ಆ ದಡಕ್ಕೆ ಓಡಿತು. ನಾನು ಕಲ್ಲಾಗಿ ನಿಂತೆ. ಸ್ವಲ್ಪ ದೂರದಲ್ಲಿ ಬೈರಿಗೆಯಿಂದ ಮಂಜುಗಡ್ಡೆಗೆ ತೂತು ಕೊರೆದು ಗಾಳ ಇಳಿಬಿಟ್ಟು ಕುಳಿತಿದ್ದ ಇಬ್ಬರು ತಲೆಯನ್ನೇ ಎತ್ತಲಿಲ್ಲ. ಬಿಸಿಲು ಏರಿ ಇಳಿಯುವಾಗ ಮಂಜುಗಡ್ಡೆ ಹಿಗ್ಗಿ ಕುಗ್ಗಿ ಹೀಗೆ ಕೂಗುತ್ತದೆಂದು ಅಳಿಯ ವಿವರಿಸಿದ. ನೀರು ನಾಲ್ಕು ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಭಾರವಾಗಿ ತಳ ಸೇರುತ್ತದೆ, ಅದಕ್ಕಿಂತ ತಣ್ಣಗಾದದ್ದು ಮೇಲೆ ಉಳಿದು ಹೆಪ್ಪುಗಟ್ಟುತ್ತದೆ, ಆ ಹೆಪ್ಪೇ ಕೆಳಗಿನ ನೀರಿಗೆ ಕಂಬಳಿಯಾಗಿ ಮೀನುಗಳನ್ನು ಕಾಯುತ್ತದೆ ಎಂಬುದನ್ನು ನಾವು ಭೌತಶಾಸ್ತ್ರದ ಪುಸ್ತಕದಲ್ಲಿ ಬಾಯಿಪಾಠ ಮಾಡಿದವರು. ಆ ಕಂಬಳಿಯ ಮೇಲೆ ಸ್ವತಃ ನಿಂತಾಗ ಬಾಯಿಪಾಠ ನೆರವಿಗೆ ಬರುವುದಿಲ್ಲ.

ಚಳಿಯಲ್ಲೇ ಬರಬೇಕಾಗಿತ್ತೆಂದೆನಲ್ಲ, ಅದರ ಕಾರಣ ಮದರಾಸಿನಲ್ಲಿದೆ. ಇಂದಿನ ಚೆನ್ನೈ ಇನ್ನೂ ಮದರಾಸಾಗಿದ್ದ 1970ರ ದಶಕದಲ್ಲಿ ನಾನು ಅಲ್ಲಿ ಎಂ.ಎ. ಓದುತ್ತಿದ್ದಾಗ ತಿರುವಲ್ಲಿಕೇಣಿಯ ಒಂದು ಕೋಣೆಯಲ್ಲಿದ್ದೆ. ಬಸ್ಸಿನ ಕಂಡಕ್ಟರು "ಐಸೌಸ್, ಐಸೌಸ್" ಎಂದು ಕೂಗಿದಾಗ ಇಳಿಯಬೇಕು. ಐಸು ಎಲ್ಲಿ, ಹೌಸು ಎಲ್ಲಿ ಎಂದು ಮೊದಮೊದಲು ಕೇಳಿದವನಿಗೆ ಜನ ಕಡಲ ಕರೆಯ ಕಡೆ ಕೈ ತೋರಿಸುತ್ತಿದ್ದರು. ಅಲ್ಲಿ, ಮುಂಭಾಗ ದುಂಡಗಿರುವ, ಕೋಟೆಯ ಬುರುಜಿನಂಥ ಒಂದು ಕಟ್ಟಡ. ಒಂದು ಕಾಲಕ್ಕೆ ಅಮೆರಿಕದಿಂದ ಹಡಗಿನಲ್ಲಿ ಬಂದ ಮಂಜುಗಡ್ಡೆಯನ್ನು ಅದರಲ್ಲಿ ಶೇಖರಿಸುತ್ತಿದ್ದರು. ಅದೇ ವರ್ಷ ನಾನು ಥೋರೋ ಬರೆದ 'ವಾಲ್ಡನ್' ಓದಿದೆ. ಗಾಂಧೀಜಿಯವರ ಮೂಲಕ ನಮಗೆಲ್ಲ ಪರಿಚಿತನಾದ ಹೆನ್ರಿ ಡೇವಿಡ್ ಥೋರೋ 1845ರ ಜುಲೈ 4ರಿಂದ 1847ರ ಸೆಪ್ಟೆಂಬರ್ 6ರವರೆಗೆ ಈ ಕೊಳದ ದಡದಲ್ಲಿ ಗುಡಿಸಲು ಕಟ್ಟಿಕೊಂಡು ಒಬ್ಬನೇ ಇದ್ದ. ತನ್ನ ಕೊಳದ ಮಂಜುಗಡ್ಡೆ ಮದರಾಸು, ಬೊಂಬಾಯಿ, ಕಲ್ಕತ್ತೆಗಳ ಜನರ ಬಾಯಾರಿಕೆ ತಣಿಸುತ್ತದೆ, ಇಲ್ಲಿಯ ನೀರು ಗಂಗೆಯಲ್ಲಿ ಬೆರೆಯುತ್ತದೆ ಎಂದು ಆ ಪುಸ್ತಕದಲ್ಲಿ ಅವನು ಕಲ್ಪಿಸಿಕೊಳ್ಳುತ್ತಾನೆ. ಪುಸ್ತಕ ಮುಚ್ಚಿ ಕಿಟಕಿಯಾಚೆ ನೋಡಿದರೆ ಐಸ್ ಹೌಸು! ಇಪ್ಪತ್ತೆರಡರ ಹುಡುಗನಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ? ಮುಂದೆ ಅಧ್ಯಾಪಕನಾಗಿ ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರತಿ ತರಗತಿಗೂ ಅದನ್ನೇ ಹೇಳಿದೆ: "ಥೋರೋನ ಕೊಳದ ನೀರನ್ನು ನಮ್ಮ ಮದರಾಸಿನವರು ಕುಡಿದರು." ಹುಡುಗರು ಕಣ್ಣರಳಿಸಿ ಕೇಳುತ್ತಿದ್ದರು.

ಆ ಕೊಳವನ್ನು ಅದು ಹೆಪ್ಪುಗಟ್ಟಿರುವಾಗಲೇ ನೋಡಬೇಕೆಂಬುದು ಅಂದಿನಿಂದಲೂ ಇದ್ದ ಆಸೆ. ಬರುವ ಮುನ್ನ ಮಗಳ ಮನೆಯಲ್ಲಿದ್ದ ಪುಸ್ತಕವನ್ನು ಮತ್ತೆ ತೆರೆದು, ಈ ಸಲ ಹಿಂದಿನ ಪುಟಗಳನ್ನೂ ಸಾವಧಾನವಾಗಿ ಓದಿದೆ. ಓದಿದ ಮೇಲೆ ಮನಸ್ಸಿಗೆ ಸಮಾಧಾನವಿರಲಿಲ್ಲ. ಅದೇಕೆಂದು ಹೇಳುವ ಮೊದಲು ಈ ವ್ಯಾಪಾರದ ಕಥೆಯನ್ನು ಹೇಳಬೇಕು.

ಮಂಜುಗಡ್ಡೆಯನ್ನು ಮಾರಬಹುದೆಂದು ಮೊದಲು ಹೊಳೆದದ್ದು ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ತರುಣನಿಗೆ. 1806ರಲ್ಲಿ, ಇನ್ನೂ ಇಪ್ಪತ್ತೆರಡರ ಪ್ರಾಯದಲ್ಲಿ, ಅವನು ಒಂದು ಹಡಗಿನ ತುಂಬ ಮಂಜುಗಡ್ಡೆ ಹೇರಿಕೊಂಡು ವೆಸ್ಟ್ ಇಂಡೀಸಿನ ಮಾರ್ಟಿನೀಕ್ ದ್ವೀಪಕ್ಕೆ ಹೊರಟ. ಕರಗಿ ನೀರಾಗುವ ಸರಕನ್ನು ಹೇರಲು ಯಾವ ಹಡಗಿನ ಒಡೆಯನೂ ಒಪ್ಪದೆ, ಕೊನೆಗೆ ಹಡಗನ್ನೇ ಕೊಂಡ. ಊರ ಪತ್ರಿಕೆ ಪರಿಹಾಸ ಮಾಡಿತು. ಸರಕು ತಲುಪಿತಾದರೂ ಅಲ್ಲಿ ಅದನ್ನಿಡಲು ಉಗ್ರಾಣವಿಲ್ಲ, ಅದರಿಂದ ಏನು ಮಾಡಬೇಕೆಂದು ಕೊಳ್ಳುವವರಿಗೆ ತಿಳಿಯದು, ನಷ್ಟವಾಯಿತು. 1812, 1813ರಲ್ಲಿ ಸಾಲಗಾರರ ಸೆರೆಮನೆಯನ್ನೂ ಕಂಡ. ಆದರೂ ಹಟ ಬಿಡಲಿಲ್ಲ. ಇಂಥವರನ್ನು ನಮ್ಮ ಕಡೆ ಹುಚ್ಚರೆನ್ನುತ್ತಾರೆ. ಗೆದ್ದ ಮೇಲೆ ಸಾಹಸಿಗಳೆನ್ನುತ್ತಾರೆ.

ಅವನು ಗೆದ್ದದ್ದು ಹೊಟ್ಟಿನಿಂದ. ಉತ್ತರದ ಮೇನ್ ಪ್ರಾಂತ್ಯದ ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಗರಗಸದ ಹೊಟ್ಟು ಬೆಟ್ಟದಂತೆ ಬಿದ್ದು ಕೊಳೆಯುತ್ತಿತ್ತು. ಮಂಜುಗಡ್ಡೆಯನ್ನು ಒತ್ತಾಗಿ ಪೇರಿಸಿ ಸುತ್ತ ಹೊಟ್ಟು ತುಂಬಿದರೆ ಹೊರಗಿನ ಶಾಖ ಒಳಗಿಳಿಯದೆಂಬುದನ್ನು ಅವನು ಅನುಭವದಿಂದ ಕಂಡುಕೊಂಡ. ಇದರ ಗುಟ್ಟು ಗುಪ್ತೋಷ್ಣದಲ್ಲಿದೆ. ಒಂದು ಗ್ರಾಂ ಮಂಜುಗಡ್ಡೆ ಬರಿದೆ ಕರಗಬೇಕಾದರೆ ಎಂಬತ್ತು ಕ್ಯಾಲೊರಿ ಶಾಖ ಬೇಕು. ಕರಗಿದ ಅದೇ ನೀರನ್ನು ಎಂಬತ್ತು ಡಿಗ್ರಿಯವರೆಗೆ ಕಾಯಿಸಲು ಬೇಕಾಗುವಷ್ಟು ಅದು. ರಾಶಿ ದೊಡ್ಡದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಚಿಕ್ಕದು. ಆದ್ದರಿಂದ ಒಂದು ಸೇರು ಮಂಜುಗಡ್ಡೆ ಗಂಟೆಯಲ್ಲಿ ಮಾಯವಾದರೆ ನೂರು ಟನ್ನು ತಿಂಗಳುಗಟ್ಟಲೆ ತಾಳುತ್ತದೆ. ಇನ್ನೊಂದು ನೆರವು ನೆಥೇನಿಯಲ್ ವಾಯೆತ್ ಎಂಬಾತನದು. ಕೊಡಲಿ, ಗರಗಸಗಳಿಂದ ಕಷ್ಟಪಟ್ಟು ಕಡಿಯುತ್ತಿದ್ದ ಕೆಲಸಕ್ಕೆ ಅವನು 1825ರ ಸುಮಾರಿನಲ್ಲಿ ಕುದುರೆ ಎಳೆಯುವ ಒಂದು ನೇಗಿಲನ್ನು ಹೊಂದಿಸಿದ. ಮೊದಲು ಕೊಳದ ಮೇಲಿನ ಹಿಮವನ್ನು ಬಾಚಿ ತೆಗೆಯುವುದು. ನೇಗಿಲಿನಿಂದ ಉದ್ದಗಲಕ್ಕೂ ಗೆರೆ ಕೊರೆದು ಚದುರಂಗದ ಹಾಸು ಮಾಡುವುದು. ಹಾರೆಯಿಂದ ಮೀಟಿ ಒಂದೇ ಅಳತೆಯ ಚೌಕಗಳನ್ನು ಬೇರ್ಪಡಿಸುವುದು. ಕಾಲುವೆ ಬಿಡಿಸಿ ತೇಲಿಸಿ ದಡಕ್ಕೆ ತರುವುದು. ಅಳತೆ ಒಂದೇ ಆದ್ದರಿಂದ ಹಡಗಿನಲ್ಲಿ ಸಂದಿಲ್ಲದಂತೆ ಜೋಡಿಸಬಹುದು. ಬೇಸಾಯದ ಭಾಷೆಯಲ್ಲಿ ಅದನ್ನು 'ಕೊಯ್ಲು' ಎಂದೇ ಕರೆಯುತ್ತಿದ್ದರು.

1833ರ ಮೇ 12ರಂದು 'ಟಸ್ಕನಿ' ಎಂಬ ಹಡಗು 180 ಟನ್ನು ಮಂಜುಗಡ್ಡೆಯೊಡನೆ ಬಾಸ್ಟನ್ ಬಿಟ್ಟಿತು. ಗಮ್ಯ ಕಲ್ಕತ್ತೆ. ಸೂಯೆಜ್ ಕಾಲುವೆಯಿಲ್ಲದ ಕಾಲ. ಆಫ್ರಿಕದ ತುದಿ ಬಳಸಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕು ತಿಂಗಳ ಪ್ರಯಾಣ. ಸೆಪ್ಟೆಂಬರಿನಲ್ಲಿ ಹೂಗ್ಲಿ ನದಿಯನ್ನು ಹೊಕ್ಕಾಗ ಸುಮಾರು ನೂರು ಟನ್ನು ಉಳಿದಿತ್ತು. ಸರ್ಕಾರ ಸುಂಕ ಬಿಟ್ಟುಕೊಟ್ಟಿತು. ಬಿಸಿಲಿಗೆ ಕರಗದಿರಲೆಂದು ರಾತ್ರಿಯ ವೇಳೆ ಇಳಿಸಲು ಅಪ್ಪಣೆಯಾಯಿತು. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್, ಹಡಗಿನೊಡನೆ ಬಂದ ಟ್ಯೂಡರನ ಪಾಲುದಾರ ರಾಜರ್ಸನಿಗೆ ಬಂಗಾರದ ಮುಲಾಮಿನ ಬೆಳ್ಳಿ ಬಟ್ಟಲನ್ನು ಕಾಣಿಕೆ ಕೊಟ್ಟ. ಕಲ್ಕತ್ತೆಯ ಯುರೋಪಿಯನ್ನರು ಚಂದಾ ಎತ್ತಿ ಮಂಜುಗಡ್ಡೆಯ ಉಗ್ರಾಣ ಕಟ್ಟಿಸಿದರು. ಸತಿ ಪದ್ಧತಿಯನ್ನು ನಿಷೇಧಿಸಿದ ಬೆಂಟಿಂಕನನ್ನು ನಾವು ಬಲ್ಲೆವು. 1831ರಲ್ಲಿ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡವನೂ ಅವನೇ. ರಾಜ್ಯ ತೆಗೆದುಕೊಂಡ ಕೈ ಮಂಜುಗಡ್ಡೆಗೆ ಬಟ್ಟಲು ಕೊಟ್ಟಿತು.

ಹಾಗೆಂದು ನಮ್ಮ ದೇಶ ಅಲ್ಲಿಯವರೆಗೆ ಮಂಜುಗಡ್ಡೆಯನ್ನೇ ಕಂಡಿರಲಿಲ್ಲವೆಂದು ತಿಳಿಯಬಾರದು. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪು ಕದಡಿದ ನೀರಿನಲ್ಲಿ ಹೂಜಿ ತಿರುಗಿಸಿ ಕುಡಿಯುವ ನೀರು ತಂಪು ಮಾಡುತ್ತಿದ್ದರು. ಲಾಹೋರಿನಲ್ಲಿದ್ದಾಗ ಉತ್ತರದ ಬೆಟ್ಟಗಳಿಂದ ಮಂಜುಗಡ್ಡೆ ತರಿಸುತ್ತಿದ್ದರು. ಅಬುಲ್ ಫಜಲ್ ಇದನ್ನು ವಿವರವಾಗಿ ಬರೆದಿದ್ದಾನೆ. ಇದಕ್ಕಿಂತ ಸೋಜಿಗದ್ದು ಅಲಹಾಬಾದು, ಕಲ್ಕತ್ತೆಗಳ ಕಡೆಯ ಕೆಲಸಗಾರರ ಜಾಣ್ಮೆ. ಬಯಲಿನಲ್ಲಿ ಎರಡಡಿ ಆಳದ ಅಗಲವಾದ ಹೊಂಡ ತೋಡಿ, ಒಣಗಿದ ಕಬ್ಬಿನ ಇಲ್ಲವೆ ಮೆಕ್ಕೆಜೋಳದ ದಂಟನ್ನು ಹಾಸಿ, ಅದರ ಮೇಲೆ ಸಾಲುಸಾಲಾಗಿ ಮಣ್ಣಿನ ತಟ್ಟೆಗಳನ್ನಿಟ್ಟು, ಕಾಸಿ ಆರಿಸಿದ ನೀರು ತುಂಬುವುದು. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಮೋಡವಿಲ್ಲದ ಗಾಳಿಯಿಲ್ಲದ ರಾತ್ರಿಗಳಲ್ಲಿ, ಸುತ್ತಣ ಗಾಳಿ ಹೆಪ್ಪುಗಟ್ಟುವಷ್ಟು ತಣ್ಣಗಾಗದಿದ್ದರೂ ತಟ್ಟೆಯ ನೀರು ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲಿ ಹೆಪ್ಪುಗಟ್ಟುತ್ತಿತ್ತು. ಸೂರ್ಯೋದಯಕ್ಕೆ ಮುಂಚೆ ಎಬ್ಬಿ ಗುಂಡಿಗೆ ತುಂಬಬೇಕು. ಸರ್ ರಾಬರ್ಟ್ ಬಾರ್ಕರ್ ಎಂಬಾತ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಈ ವಿಧಾನವನ್ನು ವರದಿ ಮಾಡಿದ. ಬಾರ್ಕರನ ಹೆಸರು ಉಳಿಯಿತು. ರಾತ್ರಿಯೆಲ್ಲ ಎಚ್ಚರವಿದ್ದು ತಟ್ಟೆ ಕಾಯ್ದವರ ಹೆಸರು ಯಾರಿಗೂ ಬೇಕಾಗಲಿಲ್ಲ. ಮಣ್ಣು, ದಂಟು ಬೆರೆತ ಆ ತೆಳುವಾದ ಹಕ್ಕಳೆ, ಸ್ಫಟಿಕದಂಥ ಅಮೆರಿಕದ ಗಡ್ಡೆಯೆದುರು ನಿಲ್ಲಲಾರದೆ ಹೋಯಿತು. ಮಗ್ಗದ ಕಥೆಯನ್ನು ಬಲ್ಲ ನಮಗೆ ಇದು ಹೊಸದಲ್ಲ.

ಬೊಂಬಾಯಿಯಲ್ಲಿ 1834ರಲ್ಲಿ ಜಮ್‌ಶೆಟ್ಜಿ ಜೀಜೀಭಾಯಿ ತಮ್ಮ ಔತಣದಲ್ಲಿ ಐಸ್ ಕ್ರೀಂ ಬಡಿಸಿದರೆಂದೂ, ಉಂಡವರಿಗೂ ಉಣಿಸಿದವರಿಗೂ ನೆಗಡಿಯಾಯಿತೆಂದು ಗುಜರಾತಿ ಪತ್ರಿಕೆ ಬರೆಯಿತೆಂದೂ ಒಂದು ಕಥೆಯುಂಟು. ಇರಲಿ. ಮದರಾಸಿನ ಐಸ್ ಹೌಸು ಎದ್ದದ್ದು 1842ರಲ್ಲಿ. ಆಗ ಮದರಾಸಿಗೆ ಬಂದರು ಕಟ್ಟೆಯಿಲ್ಲ. ಹಡಗು ದೂರದಲ್ಲೇ ಲಂಗರು ಹಾಕಬೇಕು. ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದ ಮಸೂಲಾ ದೋಣಿಗಳು ಅಲೆಗಳ ಏಟು ತಿನ್ನುತ್ತ ಸರಕನ್ನು ದಡಕ್ಕೆ ತರಬೇಕು. ಅಲ್ಲಿಂದ ಉಸುಬಿನ ಮೇಲೆ ಕೂಲಿಗಳು ಹೊತ್ತು ಸಾಗಿಸಬೇಕು. ಕಾದ ಮರಳಿನಲ್ಲಿ ಬರಿಗಾಲು, ಮೇಲೆ ಉತ್ತರ ಅಮೆರಿಕದ ಚಳಿಗಾಲ. ಈ ಚಿತ್ರ ನನ್ನ ಕಣ್ಣಿಗೆ ಕಟ್ಟಿದಷ್ಟು ಬೆಂಟಿಂಕನ ಬಟ್ಟಲು ಕಟ್ಟುವುದಿಲ್ಲ. ಅವರು ಹೊತ್ತದ್ದು ಅವರಿಗಲ್ಲ; ದೊರೆಗಳ ಮದ್ಯದ ಗಾಜಿಗೆ, ಬೆಣ್ಣೆಯ ತಟ್ಟೆಗೆ, ಜ್ವರ ಬಂದ ಹಣೆಗೆ. ಕಾಫಿಯ ಜೂಜಿನಲ್ಲಿ ಎರಡು ಲಕ್ಷ ಡಾಲರಿಗೂ ಮೀರಿದ ಸಾಲ ಮಾಡಿಕೊಂಡಿದ್ದ ಟ್ಯೂಡರ್, ಅದನ್ನು ತೀರಿಸಿದ್ದರಲ್ಲಿ ಕಲ್ಕತ್ತೆಯ ಲಾಭದ ಪಾಲು ದೊಡ್ಡದು.

ಯಂತ್ರದಿಂದ ಮಂಜುಗಡ್ಡೆ ಮಾಡುವ ಕಂಪನಿಗಳು 1874ರಲ್ಲಿ ಮದರಾಸಿನಲ್ಲಿ, 1878ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದುವು. ಹಡಗಿನ ವ್ಯಾಪಾರ ಮುಗಿಯಿತು. ಐಸ್ ಹೌಸನ್ನು ಹೈಕೋರ್ಟಿನ ವಕೀಲರಾಗಿದ್ದ ಬಿಳಿಗಿರಿ ಅಯ್ಯಂಗಾರರು ಕೊಂಡು, ಕಿಟಕಿ ಜಗಲಿಗಳನ್ನು ಮಾಡಿಸಿ, ನ್ಯಾಯಮೂರ್ತಿ ಕರ್ನನ್ನರ ಹೆಸರಿಟ್ಟು ವಾಸದ ಮನೆ ಮಾಡಿದರು. ಅಮೆರಿಕ, ಇಂಗ್ಲೆಂಡುಗಳಿಂದ ಹಿಂದಿರುಗಿದ ಸ್ವಾಮಿ ವಿವೇಕಾನಂದರು 1897ರ ಫೆಬ್ರವರಿಯಲ್ಲಿ ಒಂಬತ್ತು ದಿನ ತಂಗಿದ್ದು ಇಲ್ಲೇ. ಅವರನ್ನು ಚಿಕಾಗೋಗೆ ಕಳುಹಿಸಲು ಮನೆಮನೆ ತಿರುಗಿ ಹಣ ಕೂಡಿಸಿದ ಅಳಸಿಂಗ ಪೆರುಮಾಳರು ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ. ಮದರಾಸಿನ ರಾಮಕೃಷ್ಣ ಮಠ ಅದೇ ವರ್ಷ ಅದೇ ಕಟ್ಟಡದಲ್ಲಿ ಮೊದಲಾಯಿತು. ಮುಂದೆ ಸರ್ಕಾರ ಕೊಂಡ ಮೇಲೆ ಸೋದರಿ ಸುಬ್ಬಲಕ್ಷ್ಮಿಯವರು ಅಲ್ಲಿ ಬಾಲವಿಧವೆಯರಿಗೆ ಆಶ್ರಯ ಕೊಟ್ಟು ಓದಿಸಿದರು. 1963ರಲ್ಲಿ, ಸ್ವಾಮೀಜಿಯ ಶತಮಾನೋತ್ಸವದ ಹೊತ್ತಿಗೆ, ಕಟ್ಟಡಕ್ಕೆ ಅವರ ಹೆಸರು ಬಂತು. ಬಸ್ಸಿನವರು ಮಾತ್ರ ಐಸ್ ಹೌಸನ್ನು ಬಿಡಲಿಲ್ಲ.

ಈಗ ನನ್ನ ಅಸಮಾಧಾನಕ್ಕೆ ಬರುತ್ತೇನೆ. 1846–47ರ ಚಳಿಗಾಲದಲ್ಲಿ ನೂರು ಮಂದಿ ಐರಿಷ್ ಕೂಲಿಗಳು ಮೇಸ್ತ್ರಿಗಳೊಡನೆ ರೈಲಿನಲ್ಲಿ ವಾಲ್ಡನ್ನಿಗೆ ಬಂದು ಮಂಜುಗಡ್ಡೆ ಕಡಿದದ್ದನ್ನು ಥೋರೋ ಕಣ್ಣಾರೆ ಕಂಡು ಬರೆದಿದ್ದಾನೆ. ಐರ್ಲೆಂಡಿನಲ್ಲಿ ಆಲೂಗೆಡ್ಡೆ ಕೊಳೆತು ಜನ ಸಾಯುತ್ತಿದ್ದ ವರ್ಷಗಳು ಅವು. ಒಳ್ಳೆಯ ದಿನವಾದರೆ ಸಾವಿರ ಟನ್ನು, ಅಂದರೆ ಸುಮಾರು ಒಂದು ಎಕರೆಯ ಫಸಲು, ತೆಗೆಯುತ್ತೇವೆಂದು ಅವರು ಹೇಳಿದರಂತೆ. ನಾನು ಲೆಕ್ಕ ಹಾಕಿ ನೋಡಿದೆ: ಒಂದು ಎಕರೆ, ಒಂದಡಿ ದಪ್ಪ, ಸಾವಿರದ ನೂರು ಟನ್ನು; ಮಾತು ಸುಳ್ಳಲ್ಲ. ಆಯತಪ್ಪಿ ನೀರಿಗೆ ಬಿದ್ದವನೊಬ್ಬ ಥೋರೋನ ಗುಡಿಸಲಿಗೆ ಬಂದು ಒಲೆಯ ಮುಂದೆ ಮೈ ಕಾಯಿಸಿಕೊಂಡ. ಆ ಗುಡಿಸಲಿನ ಹಲಗೆಗಳೂ ರೈಲು ಹಾದಿಯ ಕೂಲಿ ಐರಿಷಿನವನೊಬ್ಬನ ಜೋಪಡಿಯಿಂದ ನಾಲ್ಕೂಕಾಲು ಡಾಲರಿಗೆ ಬಂದವು.

ಹೀಗೆ ಹತ್ತು ಸಾವಿರ ಟನ್ನು ಎಂದು ಅಂದಾಜಾದ, ಮೂವತ್ತೈದು ಅಡಿ ಎತ್ತರದ ರಾಶಿ ದಡದಲ್ಲಿ ಎದ್ದಿತು. ಹುಲ್ಲು, ಹಲಗೆ ಮುಚ್ಚಿದರು. ಮರುಜುಲೈಯಲ್ಲಿ ಹೊದಿಕೆ ತೆಗೆದು ಒಂದು ಪಾಲನ್ನು ಸಾಗಿಸಿದರು. ಉಳಿದದ್ದು ಬಿಸಿಲಿಗೆ ಬಿದ್ದು, ಆ ಬೇಸಗೆ, ಮುಂದಿನ ಚಳಿಗಾಲ, ಅದರ ಮುಂದಿನ ಬೇಸಗೆಯೂ ಕಳೆದು, 1848ರ ಸೆಪ್ಟೆಂಬರಿಗೆ ಪೂರ್ತಿ ಕರಗಿತು. ಬಹುಪಾಲು ನೀರು ಕೊಳಕ್ಕೇ ಹಿಂದಿರುಗಿತೆಂದು ಥೋರೋನೇ ಸ್ಪಷ್ಟವಾಗಿ ಬರೆದಿದ್ದಾನೆ. ನಾನು ಇಪ್ಪತ್ತೆರಡರ ವಯಸ್ಸಿನಲ್ಲಿ ಗಂಗೆಯ ಮಾತಿಗೆ ಮರುಳಾಗಿ ಈ ಸಾಲುಗಳ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಿದ್ದೆ.

ಅಷ್ಟೇ ಅಲ್ಲ. ಈ ಕೊಳದ ಅಂಚಿಗೆ ರೈಲು ಬಂದದ್ದು 1844ರಲ್ಲಿ. ಟಸ್ಕನಿ ಹೊರಟದ್ದು 1833ರಲ್ಲಿ. ಐಸ್ ಹೌಸು ಎದ್ದದ್ದು 1842ರಲ್ಲಿ. ರೈಲಿಲ್ಲದೆ ಇಪ್ಪತ್ತು ಮೈಲಿ ಗಾಡಿಯಲ್ಲಿ ಮಂಜುಗಡ್ಡೆ ಸಾಗಿಸಿ ಯಾವ ವ್ಯಾಪಾರಿಯೂ ಬದುಕಲಾರ. ಟ್ಯೂಡರನ ಮುಖ್ಯ ಕೊಯ್ಲು ಬಾಸ್ಟನ್ನಿಗೆ ಅಂಟಿಕೊಂಡಿರುವ ಕೇಂಬ್ರಿಜ್‌ನ ಫ್ರೆಶ್ ಪಾಂಡ್ ಮೊದಲಾದ ಕೊಳಗಳಲ್ಲಿ ನಡೆಯುತ್ತಿತ್ತು. ಮದರಾಸಿನ ಮನೆ ವಾಲ್ಡನ್ನಿಗಾಗಿ ಕಾದು ಕುಳಿತಿರಲಿಲ್ಲ. ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು. ತಾರೀಖು ನೋಡಿರೆಂದು ಹುಡುಗರನ್ನು ಗದರಿಸುತ್ತಿದ್ದ ಮೇಷ್ಟ್ರು ತಾನೇ ನೋಡಲಿಲ್ಲ.

ಒಂದು ಪ್ರಯಾಣವಂತೂ ನಿಜ. ಚಾರ್ಲ್ಸ್ ವಿಲ್ಕಿನ್ಸ್ ಇಂಗ್ಲಿಷಿಗೆ ತಂದು 1785ರಲ್ಲಿ ಅಚ್ಚಾದ ಭಗವದ್ಗೀತೆ ಈ ದಡಕ್ಕೆ ಬಂದಿತ್ತು. ಥೋರೋ ಅದನ್ನು ಓದುತ್ತಿದ್ದ. ಗೀತೆ ಬಂದ ದಾರಿಯಲ್ಲಿ ತನ್ನ ಕೊಳವೂ ಹೋಗಲಿ ಎಂದು ಅವನಿಗೆ ಅನ್ನಿಸಿದ್ದರೆ ಆಶ್ಚರ್ಯವೇನಿಲ್ಲ. ಅವನು ಅದನ್ನು ಹಾರೈಕೆಯಾಗಿ ಬರೆದ. ನಾನು ಇತಿಹಾಸವಾಗಿ ಪಾಠ ಹೇಳಿದೆ. ಅದೇ ಥೋರೋ, ಈ ಕೊಳಕ್ಕೆ ತಳವೇ ಇಲ್ಲವೆಂದು ಊರವರು ನಂಬಿದ್ದಾಗ, 1846ರ ಆರಂಭದಲ್ಲಿ ಹೆಪ್ಪಿನ ಮೇಲೆ ನಡೆದಾಡಿ ನೂರಕ್ಕೂ ಹೆಚ್ಚು ಕಡೆ ತೂಗುದಾರ ಇಳಿಬಿಟ್ಟು ಅಳೆದು, ಅತಿ ಆಳ 102 ಅಡಿ ಎಂದು ಕಂಡುಹಿಡಿದವನು. ಅವನ ಈ ಗುಣವನ್ನು ನಾನು ಹುಡುಗರಿಗೆ ಹೇಳಿದ್ದು ಕಡಮೆ.

ಗುಡಿಸಲಿದ್ದ ಜಾಗ ಕೊಳದ ಉತ್ತರ ದಡದ ಕಾಡಿನಲ್ಲಿದೆ. 1945ರಲ್ಲಿ ಅಗೆದು ಅಡಿಪಾಯ ಪತ್ತೆ ಮಾಡಿ ಕಲ್ಲಿನ ಕಂಬ ನೆಟ್ಟಿದ್ದಾರೆ. ಪಕ್ಕದಲ್ಲಿ ಬಂದವರು ಹಾಕಿ ಹೋದ ಕಲ್ಲುಗಳ ಗುಡ್ಡೆ. ನಾವು ಅಲ್ಲಿ ನಿಂತಿದ್ದಾಗ ಕೊಳದ ಪಶ್ಚಿಮದ ಅಂಚಿನಲ್ಲಿ ಫಿಚ್‌ಬರ್ಗಿನ ರೈಲು ಕೂಗಿಕೊಂಡು ಹೋಯಿತು. ಈಗ ಅದು ಜನರನ್ನು ಮಾತ್ರ ಒಯ್ಯುತ್ತದೆ. ಕೊಳದ ಹೆಪ್ಪು ಒಡೆದ ದಿನಗಳನ್ನು ಥೋರೋ ಏಳು ವರ್ಷ ಗುರುತು ಹಾಕಿದ್ದಾನೆ: ಎಲ್ಲಕ್ಕಿಂತ ಮುಂಚೆ 1853ರ ಮಾರ್ಚ್ 23, ಎಲ್ಲಕ್ಕಿಂತ ತಡ 1852ರ ಏಪ್ರಿಲ್ 18. ಬಾಸ್ಟನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಆ ಪಟ್ಟಿಯನ್ನು ಮುಂದುವರಿಸಿ, ಈಗೀಗ ಸುಮಾರು ಎರಡು ವಾರ ಮುಂಚೆಯೇ ಹೆಪ್ಪು ಒಡೆಯುತ್ತದೆಂದು ಕಂಡಿದ್ದಾರೆ. ಈ ವರ್ಷ ಡಿಸೆಂಬರಿನ ಕೊನೆಯವರೆಗೂ ಅಲೆ ಆಡುತ್ತಿತ್ತೆಂದು ಗಾಳ ಹಾಕಿದ್ದವರಲ್ಲಿ ಒಬ್ಬ ಹೇಳಿದ.

ಮೊಮ್ಮಗಳು ದಡದಲ್ಲಿ ಒಡೆದು ಬಿದ್ದಿದ್ದ ಒಂದು ಚೂರನ್ನು ನಮ್ಮ ಕಾಫಿ ಫ್ಲಾಸ್ಕಿಗೆ ಹಾಕಿಕೊಂಡಳು. ಮನೆ ತಲುಪುವ ಹೊತ್ತಿಗೆ ಕಾಫಿಯ ವಾಸನೆಯ ನಾಲ್ಕು ಚಮಚ ನೀರಾಗಿತ್ತು. ಅವಳ ಅಜ್ಜಿ ಅದನ್ನು ಕಿಟಕಿಯ ಕರಿಬೇವಿನ ಕುಂಡಕ್ಕೆ ಸುರಿದಳು.

ಬೆಂಗಳೂರಿಗೆ ಬಂದ ಮೇಲೆ ನನ್ನ ಹಳೆಯ ಶಿಷ್ಯನೊಬ್ಬನಿಗೆ, ಈಗ ಅವನೂ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕ, ಇದೆಲ್ಲವನ್ನೂ ಕಾಗದ ಬರೆದು, ನಾನು ಹೇಳಿಕೊಟ್ಟದ್ದು ತಪ್ಪೆಂದು ಒಪ್ಪಿಕೊಂಡೆ. ವಾರದೊಳಗೆ ಉತ್ತರ ಬಂತು: "ಸಾರ್, ಹದಿನಾರು ವರ್ಷದಿಂದ ನಾನೂ ಅದನ್ನೇ ಹೇಳುತ್ತಿದ್ದೇನೆ. ಈ ವರ್ಷದ ಪಾಠವೂ ಆಗಿಹೋಯಿತು. ಪರೀಕ್ಷೆಯಲ್ಲಿ ಹುಡುಗರು ವಾಲ್ಡನ್ ಎಂದು ಬರೆದರೆ ಅಂಕ ಕೊಡಲೋ ಬೇಡವೋ, ದಯವಿಟ್ಟು ತಿಳಿಸಿ."